ಹೆತ್ತವರ ಕೈಯ ಬರೆ

ಹೆಮ್ಮಾಡಿಯಲ್ಲಿ ನಮ್ಮ ಮನೆಗೂ ಬೇಬಕ್ಕನ ಮನೆಗೂ ನಡುವೆ ಇರುವುದು ಒಣಮೀನು ಹರಡುವ ಒಂದು ಅಂಗಳ ಅಷ್ಟೆ. ಅಲ್ಲಿ ಯಾರು ಕೆಮ್ಮಿದರೂ ನನಗೆ ಕೇಳಿಸುತ್ತದೆ. ಬೇಬಕ್ಕ, ಬೋಟಿಗೆ ಹೋಗುವ ಮಗ ಜಿತೇಂದ್ರ, ಸೊಸೆ ಅನಿಷಾ, ಒಂಬತ್ತು ತಿಂಗಳ ಪ್ರೇಕ್ಷಾ. ಇಷ್ಟೇ ಸಂಸಾರ. ಜಿತೇಂದ್ರ ಬಂದರಿನಿಂದ ಬಂದರೆ ಎರಡು ಸಲ ಸೋಪು ಹಾಕಿ ಕೈ ತೊಳೆಯದೆ ಮಗುವನ್ನು ಮುಟ್ಟುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಊರು ಅವನನ್ನು ರಾಕ್ಷಸ ಎಂದಿತು.

ಆ ಸೋಮವಾರ ಮಗುವಿಗೆ ಜ್ವರ, ಎದೆ ಗೊರಗೊರ ಎನ್ನುತ್ತಿತ್ತು. ಮೀನು ಬುಟ್ಟಿ ಇಳಿಸಿ, "ಕುಂದಾಪ್ರಕ್ಕೆ ಕರ್ಕಂಡ್ ಹೋಯ್ನಿ" ಎಂದೆ.

ಬೇಬಕ್ಕ ನಕ್ಕರು. "ಎಂತ ರಾಜೀವಿ, ನೀನ್ ಯಾವಾಗ ಡಾಕ್ಟ್ರ್ ಆದ್ದ್? ಇದ್ ಗ್ರಹ ಹಿಡ್ದದ್ದ್. ಮೂರ್ ಬರಿ ಹಾಕ್ರೆ ನಾಳೆ ನಗಾಡತ್ತ್. ಜಿತುಗೂ ನಾನೇ ಹಾಕಿದ್ದ್, ಕಾಣ್, ಕೋಣನ ಹಾಂಗ್ ಇದ್ದ."

ಬರೆ ಹಾಕುವ ಕೈ ಹೆತ್ತವರದೇ ಆಗಬೇಕು, ಬೇರೆಯವರು ಹಾಕಿದರೆ ಗ್ರಹ ಬಿಡುವುದಿಲ್ಲ. ಇದು ಆ ಮನೆಯ ನಂಬಿಕೆ. ಬಲೆ ಹೊಲಿಯುವ ದಬ್ಬಣವನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಒಬ್ಬರು ಹೊಟ್ಟೆಯ ಮೇಲೆ ಮೂರು ಗೀಟು ಎಳೆಯಬೇಕು, ಇನ್ನೊಬ್ಬರು ಕಾಲು ಹಿಡಿದುಕೊಳ್ಳಬೇಕು. ಆಮೇಲೆ ಎರಡು ದಿನ ಬೇರೆ ಮದ್ದು ಕೊಡುವಂತಿಲ್ಲ. ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬುಧವಾರ ಮಧ್ಯಾಹ್ನ ಅನಿಷಾ ಅಂಗಳದ ಮೀನು ತುಳಿದುಕೊಂಡೇ ಓಡಿ ಬಂದಳು. "ರಾಜೀವಕ್ಕಾ, ಮಗಿನ ತುಟಿ ನೀಲಿ ಆಯ್ತ್!"

ರಿಕ್ಷಾ ನಿಲ್ಲಿಸಿ ಎಲ್ಲರೂ ಕುಂದಾಪುರದ ಆಸ್ಪತ್ರೆಗೆ ಧಾವಿಸಿದೆವು. ಡಾಕ್ಟರಮ್ಮ ಮಗುವಿನ ಬಟ್ಟೆ ಬಿಡಿಸಿ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. "ನ್ಯುಮೋನಿಯಾ. ಮೊನ್ನೆಯೇ ಯಾಕೆ ತರಲಿಲ್ಲ? ಹೊಟ್ಟೆ ಸುಟ್ಟವರು ಯಾರು?" ಅವರು ಪೊಲೀಸರಿಗೆ ಫೋನು ಮಾಡಿಸಿದರು.

ಹೊರಗೆ ಬೆಂಚಿನ ಮೇಲೆ ಬೇಬಕ್ಕ ಸೊಸೆಯ ರಟ್ಟೆ ಹಿಡಿದರು. "ಕೇಂಡ್ರೆ ಬಿಸಿ ಗಂಜಿ ಚೆಲ್ಲಿತ್ ಅಂತ ಹೇಳ್ಕ್, ತಿಳೀತಾ? ಗಂಡನ್ನ ಜೈಲಿಗ್ ಹಾಕ್ಸಿ ಎಲ್ ಉಣ್ತೆ ನೀನ್?"

ಜಿತೇಂದ್ರ ಗೋಡೆಗೆ ಒರಗಿ ತನ್ನ ಕೈಗಳನ್ನೇ ನೋಡುತ್ತಿದ್ದ.

"ಗಂಜಿ ಚೆಲ್ಲಿರೆ ಮೂರ್ ಗೀಟ್ ಸಮಾ ಬೀಳತ್ತಾ ಬೇಬಕ್ಕ?" ಎಂದೆ.

"ನೀನ್ ಸುಮ್ನಿರ್! ಮೀನ್ ಮಾರುದ್ ಬಿಟ್ ಮನಿ ಮುರೂಕೆ ಹೊರಟದ್ದಾ? ಅಜ್ಜಿ ಕಾಲದಿಂದ ಬಂದದ್ದ್ ಇದ್. ಜಿತು ಬದ್ಕಿಲ್ಯಾ?"

"ಜಿತು ಬದ್ಕಿದ. ಚಂದು?"

ಬೇಬಕ್ಕ ಸೊಸೆಯ ರಟ್ಟೆ ಬಿಟ್ಟರು. ಚಂದು ಅವರ ಚೊಚ್ಚಲ ಮಗ. ವರ್ಷ ತುಂಬುವ ಮೊದಲೇ ಹೋದವನು.

"ಅವ್ನ ಆಯುಷ್ಯ ಅಷ್ಟೇ ಇದ್ದದ್ದ್" ಎಂದರು.

"ಬದ್ಕಿದವ್ನ ಹೊಟ್ಟಿ ಕಲೆ ಊರಿಗೆಲ್ಲ ತೋರ್ಸ್ತ್ರಿ ಬೇಬಕ್ಕ. ಸತ್ತವ್ನ ಕಲೆ ಮಣ್ಣಡಿಗ್ ಹೋಯ್ತ್. ಅದನ್ನ ಯಾರಿಗ್ ತೋರ್ಸ್ತ್ರಿ?"

ಜಿತೇಂದ್ರ ತಲೆಯೆತ್ತಿದ. "ಅಮ್ಮಾ, ಅಣ್ಣಂಗೂ ಹಾಕಿದ್ಯಾ? ಬರೀ ಜ್ವರ ಅಂದಿದ್ಯಲ್ಲ?"

ಬೇಬಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಅಷ್ಟರಲ್ಲಿ ಪೊಲೀಸಮ್ಮ ಬಂದರು. "ಮಗುವಿನ ತಾಯಿ ಯಾರು? ಗಾಯ ಹೇಗಾಯ್ತು?"

ಅನಿಷಾ ಅತ್ತೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಗಾಜಿನ ಆಚೆ ಮಗುವಿನ ಎದೆ ಗುಬ್ಬಿಯ ಎದೆಯಂತೆ ಹಾರುತ್ತಿತ್ತು.

"ಗಂಜಿ ಅಲ್ಲ ಮೇಡಮ್" ಎಂದಳು, ಪೊಲೀಸಮ್ಮ ಗಂಜಿಯ ಮಾತೆತ್ತದಿದ್ದರೂ. "ದಬ್ಬಣ ಕಾಯ್ಸಿ ಹಾಕಿದ್ದ್. ಇವ್ರ್ ಹಾಕಿದ್ದ್."

"ಅಯ್ಯೋ, ಮನಿಹಾಳಿ!" ಬೇಬಕ್ಕ ಕೂಗಿದರು.

"ಹೌದು ಮೇಡಮ್, ನಾನೇ" ಎಂದು ಜಿತೇಂದ್ರ ಮುಂದೆ ಬಂದ. ಪೊಲೀಸಮ್ಮ ಅವನ ಹೆಸರು ಬರೆದುಕೊಂಡು ಪುಸ್ತಕ ಮಡಚುವಷ್ಟರಲ್ಲಿ ಅನಿಷಾ ತಡೆದಳು.

"ನಿಲ್ಲಿ ಮೇಡಮ್. ಕಾಲ್ ಹಿಡ್ಕಂಡದ್ದ್ ನಾನ್. ಅದು ನನ್ನ ಮುಖ ಕಾಣ್ತಾ ಕೂಗ್ತಿತ್ತ್, ನಾನ್ ಬಿಡ್ಲಿಲ್ಲ. ಅದ್ನೂ ಬರ್ಕಣಿ."

ಪೊಲೀಸಮ್ಮ ಪುಸ್ತಕ ಮತ್ತೆ ಬಿಚ್ಚಿದರು. ಆಮೇಲೆ ಗಂಡನ ಹೆಸರಿನ ಕೆಳಗೆ ಹೆಂಡತಿಯ ಹೆಸರೂ ಬಂತು.

ಹನ್ನೊಂದು ದಿನ ಕಳೆದು ಪ್ರೇಕ್ಷಾ ಮನೆಗೆ ಬಂದಳು. ಕೇಸು ನಡೆಯುತ್ತಿದೆ. ಜಾಮೀನಿನ ಮೇಲಿರುವ ಜಿತೇಂದ್ರ ಈಗಲೂ ಎರಡು ಸಲ ಕೈ ತೊಳೆಯುತ್ತಾನೆ, ಆದರೂ ಮಗುವನ್ನು ಎತ್ತಿಕೊಳ್ಳಲು ಹಿಂಜರಿಯುತ್ತಾನೆ. ಬೇಬಕ್ಕ ಸೊಸೆಯೊಡನೆ ಮಾತು ಬಿಟ್ಟಿದ್ದರು.

ಕಳೆದ ವಾರ ವಂಡ್ಸೆಯಿಂದ ಅವರ ತಂಗಿಯ ಫೋನು ಬಂತು. ನಾನು ಅಂಗಳದಲ್ಲಿ ಮೀನು ಮಗುಚುತ್ತಿದ್ದೆ. ಮೊಮ್ಮಗನಿಗೆ ಜೋರು ಜ್ವರವಂತೆ, ಬರೆ ಎಲ್ಲೆಲ್ಲಿ ಹಾಕುವುದು ಎಂದು ತಂಗಿ ಸ್ಪೀಕರಿನಲ್ಲಿ ಕೇಳುತ್ತಿದ್ದರು. ಬೇಬಕ್ಕ ತಿರುಗಿ ನೋಡಿದರು. ಬಾಗಿಲಲ್ಲಿ ಅನಿಷಾ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು.

"ನನ್ ದಬ್ಬಣ ಈಗ್ಳೂ ಪೊಲೀಸ್ರ್ ಹತ್ರ ಇತ್ತ್" ಎಂದರು ಬೇಬಕ್ಕ. "ನೀನ್ ಒಲಿ ಹೊತ್ಸಬೇಡ. ರಿಕ್ಷಾ ಕರಿ."