ಅರ್ಧ ಮೀಸೆಯ ತೀರ್ಪು

ಹಳೆಯ ಸೋಫಾಗಳಿಗೆ ಹೊಸ ಮೈ ಹೊದಿಸುವ ಆ ಶೆಡ್ಡಿನಲ್ಲಿ ಒಂದು ನಿಯಮವಿತ್ತು: ಬಾಯಲ್ಲಿ ಮೊಳೆ ಇರುವವರನ್ನು ಮಾತಾಡಿಸಬಾರದು. ಬಟ್ಟೆ ಎಳೆದು ಹಿಡಿಯಲು ಒಂದು ಕೈ, ಸುತ್ತಿಗೆಗೆ ಇನ್ನೊಂದು ಕೈ. ಮೊಳೆಗೆ ಉಳಿಯುವುದು ಬಾಯಿ ಮಾತ್ರ. ಸಣ್ಣ ಮೊಳೆಗಳನ್ನು ನಾಲಗೆಯ ಬದಿಯಲ್ಲಿ ಇಟ್ಟುಕೊಂಡು ಒಂದೊಂದನ್ನೇ ತುಟಿಗೆ ತಂದು ಹೊಡೆಯಬೇಕು. ಅಂಥ ಹೊತ್ತಿನಲ್ಲಿ ಯಾರಾದರೂ ನಗಿಸಿದರೆ ಮೊಳೆ ಹೊಟ್ಟೆ ಸೇರುತ್ತದೆ. ಹೀಗಾಗಿ ಮೇಸ್ತ್ರಿಯ ಬಾಯಲ್ಲಿ ಮೊಳೆ ಇರುವಷ್ಟು ಹೊತ್ತು ಶೆಡ್ಡು ತಣ್ಣಗಿರುತ್ತಿತ್ತು. ಅವನು ಮೊಳೆಗಳನ್ನು ಅಂಗೈಗೆ ಉಗಿದುಕೊಂಡನೆಂದರೆ ಸಿನಿಮಾ ಶುರುವಾಯಿತೆಂದೇ ಅರ್ಥ.

ಮೇಸ್ತ್ರಿಯ ಪ್ರಕಾರ ಲೋಕದಲ್ಲಿ ಹೊಸ ಸಿನಿಮಾ ಎಂಬುದೇ ಇರಲಿಲ್ಲ.

"ಎಲ್ಲಾ ಆ ಎರಡು ಕತೆಯಿಂದಲೇ ಬಂದಿದ್ದು," ಎನ್ನುತ್ತಿದ್ದ. "ಒಂದು ರಾಮಂದು, ಇನ್ನೊಂದು ಪಾಂಡವರದ್ದು. ನಾವು ಸೋಫಾಕ್ಕೆ ಮಾಡೋದನ್ನೇ ಸಿನಿಮಾದೋರೂ ಮಾಡ್ತಾರೆ. ಒಳಗಿನ ಚೌಕಟ್ಟು ಅದೇ, ಮೇಲಿನ ರೆಕ್ಸಿನ್ ಬೇರೆ. ಹೀರೋ ಮೊದಲರ್ಧದಲ್ಲಿ ಯಾಕೆ ಹೋಟೆಲಲ್ಲಿ ಅಡುಗೆ ಮಾಡ್ಕೊಂಡಿರ್ತಾನೆ ಹೇಳು? ಭೀಮ ಮಾಡ್ಲಿಲ್ವಾ, ಅಜ್ಞಾತವಾಸದಲ್ಲಿ? ಇಂಟರ್ವಲ್‌ಗೆ ಸರಿಯಾಗಿ ಅವನು ಯಾರು ಅಂತ ಗೊತ್ತಾಗುತ್ತೆ. ಆಮೇಲೆ ಹೊಡೆದಾಟ."

ಹೀಗೆ ಎಲ್ಲ ನಟರಿಗೂ ಅವನು ಒಂದೊಂದು ಜಾಗ ಹಂಚಿಟ್ಟಿದ್ದ. ತನ್ನ ಮೆಚ್ಚಿನ ನಟನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, 'ದೊಡ್ಡೋರು' ಎನ್ನುತ್ತಿದ್ದ. ದೊಡ್ಡೋರು ರಾಮನ ಸಾಲಿನವರು: ಕಾಡಿಗೆ ಹೋದರೂ ತಿರುಗಿ ಬರುತ್ತಾರೆ, ಸಾಯುವ ಮಾತೇ ಇಲ್ಲ. ಬಟ್ಟೆ ಕತ್ತರಿಸುವ ಅವನ ಭಾವಮೈದುನನಿಗೆ ಮೆಚ್ಚು ಇನ್ನೊಬ್ಬ, ಬಹಳ ಚೆನ್ನಾಗಿ ಕುಣಿಯುವ ಎಳೆಯ ನಟ. ಮೇಸ್ತ್ರಿ ಅವನನ್ನು 'ಕುಣಿಯೋನು' ಎಂದು ಕರೆದು ಉತ್ತರಕುಮಾರನ ಸಾಲಿನಲ್ಲಿ ನಿಲ್ಲಿಸಿದ್ದ. ಅರಮನೆಯ ಹೆಂಗಸರ ಮುಂದೆ ಮೀಸೆ ತಿರುವಿ, ಶತ್ರುಸೈನ್ಯ ಕಂಡಕೂಡಲೇ ರಥದಿಂದ ಹಾರಿ ಓಡಿದ ರಾಜಕುಮಾರ. ಭಾವಮೈದುನ ಇದನ್ನು ಎಷ್ಟೋ ವರ್ಷದಿಂದ ನುಂಗಿಕೊಂಡು ಬಂದಿದ್ದ.

ದೊಡ್ಡೋರ ಹೊಸ ಚಿತ್ರದ ಪೋಸ್ಟರು ಎದುರಿನ ಗೋಡೆಗೆ ಅಂಟಿದ ದಿನ ಆ ನುಂಗಿದ್ದೆಲ್ಲ ಹೊರಬಂತು.

"ಭಾವ, ಒಂದು ಸುದ್ದಿ. ಈ ಸಲ ನಿಮ್ಮ ದೊಡ್ಡೋರು ಕೊನೇಲಿ ಸಾಯ್ತಾರಂತೆ."

ಮೇಸ್ತ್ರಿ ಮೊಳೆಗಳನ್ನು ಉಗಿದುಕೊಂಡ. "ಯಾರೋ ಅಂದಿದ್ದು?"

"ಊರೆಲ್ಲಾ ಅಂತಿದೆ."

"ಊರಿಗೆ ಕಣ್ಣಿದ್ರೆ ಪೋಸ್ಟರ್ ನೋಡ್ಲಿ. ಎಡಗಡೆ ಮೂಲೇಲಿ ಏನಿದೆ? ದೊಡ್ಡೋರು ಕುರ್ಚಿ ಮೇಲೆ ಕೂತಿದ್ದಾರೆ. ಬೆನ್ನಿಗೆ ಗುಂಡಿ ಹೊಲಿಗೆಯ ಎತ್ತರದ ಕುರ್ಚಿ, ಒಳ್ಳೇ ಕೆಲಸ. ತಲೆ ನೋಡು, ಪೂರ್ತಿ ಬೆಳ್ಳಗಿದೆ. ತಲೆ ನರೆಯೋವರೆಗೆ ಬದುಕಿದ್ದಾರೆ ಅಂದ್ಮೇಲೆ ಎಲ್ಲಿ ಸಾಯೋದು?"

"ಸತ್ತರೆ?"

"ಸತ್ತರೆ ಈ ಮೀಸೆ ಬೋಳಿಸಿಬಿಡ್ತೀನಿ! ನಿನ್ನ ಕತ್ತರಿ ನಿನ್ನ ಕೈಗೇ ಕೊಡ್ತೀನಿ, ನೀನೇ ಬೋಳಿಸು!"

ಮೂಲೆಯಲ್ಲಿ ಕುರ್ಚಿಯ ಕಾಲಿಗೆ ಪಾಲಿಶ್ ಉಜ್ಜುತ್ತಿದ್ದ ಮುದುಕ ತಲೆ ಎತ್ತಿದ. ಅವನನ್ನು ಎಲ್ಲರೂ ಪಾಲಿಶ್ ಅಜ್ಜ ಎನ್ನುತ್ತಿದ್ದರು. "ನಾನು ಸಾಕ್ಷಿ," ಎಂದ. ಇಂಥದ್ದೇನಾದರೂ ಆಗಲಿ ಎಂದೇ ಅವನು ದಿನಾ ಕೆಲಸಕ್ಕೆ ಬರುತ್ತಿದ್ದದ್ದು.

ಅಷ್ಟರಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಯಂತ್ರದ ಮುಂದೆ ಕುಳಿತಿದ್ದವಳು ಮೇಸ್ತ್ರಿಯ ಹೆಂಡತಿ. ಅವಳು ಗಂಡನ ಮುಖ ನೋಡಿದಳು.

ಆ ಮೀಸೆಯ ಕೆಳಗೆ ಏನಿದೆಯೆಂದು ಆ ಶೆಡ್ಡಿನಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಮೇಸ್ತ್ರಿ ಹುಟ್ಟುವಾಗಲೇ ಮೇಲ್ದುಟಿ ಸೀಳಿತ್ತು. ಯಾರೋ ಡಾಕ್ಟರು ಅವಸರದಲ್ಲಿ ಹೊಲಿದು ಕಳಿಸಿದ್ದರು. ಶಾಲೆಯಲ್ಲಿ ಅವನ ಹೆಸರು ಹರಕುತುಟಿ. ಮೂಗಿನ ಕೆಳಗೆ ಕೂದಲು ಮೂಡಿದ ದಿನದಿಂದ ಅವನು ಅದಕ್ಕೆ ಕತ್ತರಿ ತಾಗಿಸಿರಲಿಲ್ಲ. ದೊಡ್ಡೋರಿಗೂ ಅಂಥದೇ ದಪ್ಪ ಮೀಸೆ ಇದ್ದದ್ದು ಅವನ ಪುಣ್ಯ. ಅಭಿಮಾನಿ ಎಂದರೆ ಯಾರೂ ಮತ್ತೇನೂ ಕೇಳುವುದಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಬೆರಳಿನಿಂದ ಆ ಗೆರೆಯನ್ನು ಮುಟ್ಟಿ, "ಇಷ್ಟೇನಾ? ಒಂದು ಹೊಲಿಗೆ ಅಷ್ಟೇ ಅಲ್ವಾ ರೀ," ಎಂದಿದ್ದಳು. "ಸೊಟ್ಟ ಹೊಲಿಗೆ," ಎಂದಿದ್ದ ಅವನು. ಸೊಟ್ಟ ಹೊಲಿಗೆಯನ್ನು ಅವನು ಸೋಫಾದಲ್ಲೂ ಸಹಿಸುತ್ತಿರಲಿಲ್ಲ.

"ಬೇರೆ ಏನೂ ಸಿಗಲಿಲ್ವಾ ಪಣಕ್ಕೆ?" ಮನೆಗೆ ಹೋಗುವಾಗ ಕೇಳಿದಳು.

"ಬಾಯಿಗೆ ಬಂತು. ಅಂದ್ಬಿಟ್ಟೆ."

"ಬಾಯಲ್ಲಿ ಮೊಳೆ ಇಟ್ಕೊಂಡಿದ್ರೆ ಬರ್ತಿರ್ಲಿಲ್ಲ."

ಚಿತ್ರ ಬಿಡುಗಡೆಯಾದ ದಿನ ಶೆಡ್ಡಿಗೆ ಬೇಗ ಬೀಗ ಹಾಕಿ ನಾಲ್ವರೂ ಸಂಜೆಯ ಆಟಕ್ಕೆ ಹೋದರು. ಮೇಸ್ತ್ರಿ ಕೂರುವ ಮೊದಲು ರೂಢಿಯಂತೆ ಸೀಟನ್ನು ಅಂಗೈಯಿಂದ ಒತ್ತಿ ನೋಡಿ, "ಸ್ಪಂಜು ಸತ್ತಿದೆ," ಎಂದ. ಸಾವಿನ ಮಾತು ತನ್ನ ಬಾಯಿಂದಲೇ ಬಂತಲ್ಲ ಎಂದು ಕಸಿವಿಸಿಯಾಯಿತು.

ಮೊದಲರ್ಧ ಅವನು ಹೇಳಿದಂತೆಯೇ ನಡೆಯಿತು. ದೊಡ್ಡೋರು ಲಾರಿ ಗ್ಯಾರೇಜಿನಲ್ಲಿ ಹೆಸರು ಮರೆಸಿಕೊಂಡು ದುಡಿದರು. ಮೇಸ್ತ್ರಿ ಪಕ್ಕಕ್ಕೆ ತಿರುಗಿ, "ಅಜ್ಞಾತವಾಸ," ಎಂದು ಪಿಸುಗುಟ್ಟಿದ. ಇಂಟರ್ವಲ್ಲಿಗೆ ಬೆಳ್ಳಿಗೂದಲ ಮುದುಕ ಬಂದು ಗುಂಡಿ ಹೊಲಿಗೆಯ ಕುರ್ಚಿಯ ಮೇಲೆ ಕುಳಿತ. ಅವನೂ ದೊಡ್ಡೋರೇ. ತೆರೆಯ ಮೇಲೆ ಒಟ್ಟಿಗೆ ಇಬ್ಬರು ದೊಡ್ಡೋರು, ಒಬ್ಬರು ಮಗ, ಇನ್ನೊಬ್ಬರು ಅಪ್ಪ.

"ಭಾವ," ಕತ್ತಲಲ್ಲಿ ಭಾವಮೈದುನನ ದನಿ ಜೇನಿನಂತೆ ಬಂತು. "ಡಬಲ್ ಆ್ಯಕ್ಟಿಂಗ್."

ಮೇಸ್ತ್ರಿ ಪೋಸ್ಟರನ್ನು ಮನಸ್ಸಿನಲ್ಲೇ ಇನ್ನೊಮ್ಮೆ ನೋಡಿದ. ನರೆತ ತಲೆ ಅಪ್ಪನದು. ಹಾಗಾದರೆ ಮಗ?

ಕೊನೆಯ ಹೊಡೆದಾಟದಲ್ಲಿ ಮಗ ಜೀಪಿನಲ್ಲಿ ಬಂದ. ಗದ್ದಲದ ನಡುವೆ ಜೀಪಿನ ಎಡಗಡೆಯ ಚಕ್ರ ಕೆಸರಿನಲ್ಲಿ ಹೂತಿತು. ಚಿತ್ರಮಂದಿರದಲ್ಲಿ ಇನ್ನೂ ಶಿಳ್ಳೆ ಕೇಳುತ್ತಲೇ ಇತ್ತು. ಮುಂದೇನಾಗುತ್ತದೆಂದು ಅಷ್ಟು ಜನರಲ್ಲಿ ಮೊದಲು ತಿಳಿದದ್ದು ಮೇಸ್ತ್ರಿಗೆ. ಅವನ ಸಿದ್ಧಾಂತವೇ ಅವನಿಗೆ ಹೇಳಿಬಿಟ್ಟಿತು. ಚಕ್ರ ಹೂತಿತೆಂದರೆ ಕರ್ಣ. ಮಗ ಪಿಸ್ತೂಲು ತೆಗೆದ, ಗುಂಡು ಹಾರಲಿಲ್ಲ. ಕಲಿತ ಮಂತ್ರ ಮರೆತುಹೋಯಿತು. ಮಗ ಕೆಳಗಿಳಿದು ಎರಡೂ ಕೈಯಿಂದ ಚಕ್ರ ಹಿಡಿದ. "ಬೇಡ, ಹತ್ತಿ ಕೂತ್ಕೊಳ್ಳಿ," ಎಂದು ಮೇಸ್ತ್ರಿ ಗಟ್ಟಿಯಾಗಿಯೇ ಅಂದ. ದೊಡ್ಡೋರು ಕೇಳಲಿಲ್ಲ. ಮುಂದಿನ ಸಾಲಿನ ಹೆಂಗಸು ಅಳತೊಡಗಿದಾಗ ಮೇಸ್ತ್ರಿ ಕರವಸ್ತ್ರ ತೆಗೆದು ಕಣ್ಣಿಗಲ್ಲ, ಮೀಸೆಗೆ ಒತ್ತಿಕೊಂಡ.

ಮರುದಿನ ಬೆಳಗ್ಗೆ ಕನ್ನಡಿಯ ಮುಂದೆ ಹೆಬ್ಬೆರಳಿನಿಂದ ಮೀಸೆ ಮುಚ್ಚಿ ನೋಡಿದ. ಹೆಬ್ಬೆರಳು ತೆಗೆದ. ಮತ್ತೆ ಮುಚ್ಚಿದ. ಕರ್ಣ ಹುಟ್ಟುವಾಗಲೇ ಮೈಗಂಟಿಕೊಂಡು ಬಂದ ಕವಚವನ್ನು ಸುಲಿದು ಕೊಟ್ಟನಲ್ಲ, ಕೇಳಲು ಬಂದವನು ಯಾರೆಂದು ಗೊತ್ತಿದ್ದೂ ಕೊಟ್ಟನಲ್ಲ ಎಂದು ಅವನು ಎಷ್ಟು ಸಲ ಶೆಡ್ಡಿನಲ್ಲಿ ಗದ್ಗದಿತನಾಗಿ ಹೇಳಿಲ್ಲ? ಈಗ ನೋಡಿದರೆ, ಕೊಡುವುದನ್ನು ಹೊಗಳುವುದು ಎಷ್ಟು ಸುಲಭವಾಗಿತ್ತು.

ಶೆಡ್ಡಿನಲ್ಲಿ ಭಾವಮೈದುನ ದೊಡ್ಡ ಕತ್ತರಿಗೆ ಎಣ್ಣೆ ಹಾಕುತ್ತಿದ್ದ.

"ಬನ್ನಿ ಭಾವ. ಕೂತ್ಕೊಳ್ಳಿ. ಯಾವ ಕುರ್ಚಿ ಬೇಕು?"

"ಇರಯ್ಯಾ. ನ್ಯಾಯವಾಗಿ ಮಾತಾಡೋಣ," ಎಂದ ಮೇಸ್ತ್ರಿ. "ನಾನು ಏನಂದೆ? ದೊಡ್ಡೋರು ಸತ್ತರೆ ಅಂದೆ. ದೊಡ್ಡೋರು ಇಬ್ಬರಿದ್ರು. ಒಬ್ಬರು ಸತ್ತರು, ಒಬ್ಬರು ಕೊನೇವರೆಗೂ ಕುರ್ಚಿ ಮೇಲೆ ಗಟ್ಟಿಮುಟ್ಟಾಗಿ ಕೂತಿದ್ರು. ಹೌದೋ ಅಲ್ವೋ?"

ಭಾವಮೈದುನ ತಬ್ಬಿಬ್ಬಾದ. ಇದನ್ನು ಅವನು ಎಣಿಸಿರಲಿಲ್ಲ. "ಅಜ್ಜ, ನೀವೇ ಹೇಳಿ."

ಪಾಲಿಶ್ ಅಜ್ಜ ಚಿಂದಿ ಬಟ್ಟೆಯಿಂದ ಬೆರಳು ಒರೆಸಿಕೊಂಡು ಧ್ಯಾನಕ್ಕೆ ಕೂತವನಂತೆ ಕಣ್ಣು ಮುಚ್ಚಿದ. "ಮೇಸ್ತ್ರಿ ಹೇಳೋದ್ರಲ್ಲಿ ನ್ಯಾಯ ಇದೆ."

"ನೋಡಿದ್ಯಾ!" ಎಂದ ಮೇಸ್ತ್ರಿ.

"ಸತ್ತಿದ್ದು ಅರ್ಧ ದೊಡ್ಡೋರು. ಆದ್ದರಿಂದ ಬೋಳಿಸಬೇಕಾದ್ದು ಅರ್ಧ ಮೀಸೆ."

ಭಾವಮೈದುನ ಕತ್ತರಿ ಹಿಡಿದುಕೊಂಡೇ ಕುಣಿದುಬಿಟ್ಟ. "ಎಡಗಡೇದೋ ಬಲಗಡೇದೋ ಭಾವ? ಚಕ್ರ ಹೂತಿದ್ದು ಎಡಗಡೇದು!"

ಮೇಸ್ತ್ರಿಯ ಕೈ ಮೂಗಿನ ಕೆಳಗೆ ಹೋಗಿ ಅಲ್ಲೇ ನಿಂತಿತು. ಗೆರೆ ಇದ್ದದ್ದು ಎಡಗಡೆಗೇ. ಅವನು ನಗಲು ನೋಡಿದ, ಆಗಲಿಲ್ಲ. ಆಡಿದ ಮಾತಿಗೆ ತಪ್ಪುವವನಲ್ಲ ಎಂಬ ಹೆಸರು ಅವನಿಗಿತ್ತು, ಆ ಹೆಸರೇ ಈಗ ಬೆನ್ನ ಹಿಂದೆ ನಿಂತು ಕುರ್ಚಿಯ ಕಡೆಗೆ ತಳ್ಳುತ್ತಿತ್ತು. ಕುಳಿತ. ಕಣ್ಣು ಮುಚ್ಚಿದ.

"ಏಯ್, ಇಳಿಸೋ ಕತ್ತರಿ," ಎಂದಳು ಹೆಂಡತಿ.

"ನೀನು ಸುಮ್ನಿರಕ್ಕ. ಇದು ಗಂಡಸರ ಮಾತು."

"ಗಂಡಸರ ಮಾತು ಏನಾಗುತ್ತೆ ಅಂತ ನಂಗೂ ಗೊತ್ತು. ಕರ್ಣ ಸತ್ತ ದಿನಾನೇ ಏನಾಯ್ತು ಹೇಳು ನೋಡೋಣ? ಅರ್ಜುನ ಒಂದು ಶಪಥ ಮಾಡಿದ್ದ. ಅವನ ಬಿಲ್ಲನ್ನ ಬೇರೆಯೋರಿಗೆ ಕೊಡು ಅಂದೋರನ್ನ ಕೊಂದುಬಿಡ್ತೀನಿ ಅಂತ. ಅವತ್ತು ಧರ್ಮರಾಯ ಯುದ್ಧದಲ್ಲಿ ಏಟು ತಿಂದು, ಸಿಟ್ಟಲ್ಲಿ ಅದನ್ನೇ ಅಂದ್ಬಿಟ್ಟ. ಅರ್ಜುನ ಅಣ್ಣನ ಮೇಲೆ ಕತ್ತಿ ಎಳೆದ. ಹಿಂಗೇ, ನಿನ್ನ ಹಾಗೇ ನಿಂತಿದ್ದ."

ಭಾವಮೈದುನ ಕತ್ತರಿಯನ್ನು ಸ್ವಲ್ಪ ಇಳಿಸಿದ.

"ಆಗ ಕೃಷ್ಣ ಏನಂದ? ದೊಡ್ಡವರನ್ನ ಎದುರಿಗೇ ನಿಂತು ಹೀನಾಯವಾಗಿ ಬೈದರೆ ಕೊಂದ ಹಾಗೇನೇ ಲೆಕ್ಕ, ಬೈದುಬಿಡು, ಶಪಥ ತೀರುತ್ತೆ ಅಂದ. ಅರ್ಜುನ ಬೈದ. ಅಣ್ಣನೂ ಉಳಿದ, ಮಾತೂ ಉಳೀತು. ಇಲ್ವೇನ್ರೀ?"

"ಹೌದು," ಎಂದ ಮೇಸ್ತ್ರಿ ಕಣ್ಣು ಬಿಡದೆ. ಇಷ್ಟು ವರ್ಷ ಎಲ್ಲ ಪಾತ್ರಗಳನ್ನೂ ಹಂಚಿದ ತಾನು ಶೆಡ್ಡಿನಲ್ಲಿ ಕೃಷ್ಣನನ್ನು ಮಾತ್ರ ಗುರುತಿಸಿರಲಿಲ್ಲ ಎಂದು ಅವನಿಗೆ ಹೊಳೆಯಿತು.

"ಹಂಗಾದ್ರೆ ಇವರಿಗೆ ಮೀಸೆ ಬೋಳಿಸಿದಷ್ಟೇ ನೋವಾಗೋದು ಯಾವುದು? ನೀನೇ ಹೇಳು."

ಭಾವಮೈದುನ ಯೋಚಿಸಿದ. ಯೋಚಿಸುತ್ತಾ ಯೋಚಿಸುತ್ತಾ ಅವನ ಮುಖ ಅರಳಿತು. "ನಮ್ಮ ಹೀರೋನ ಹೊಗಳಬೇಕು. ಇಲ್ಲೇ, ಎಲ್ಲರ ಮುಂದೆ. ಉತ್ತರಕುಮಾರ ಅಂತ ಒಂದು ಸಲ ಅಂದ್ರೂ ಕತ್ತರಿ."

"ಅರ್ಧಂಬರ್ಧ ಹೊಗಳಿದರೆ ನಡೆಯಲ್ಲ," ಎಂದ ಅಜ್ಜ. "ಪೂರ್ತಿ."

ಮೇಸ್ತ್ರಿ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. "ಅವನು..." ಎಂದ. ಕತ್ತರಿ ಕರಕ್ ಎಂದಿತು. "ಅವರು... ಚೆನ್ನಾಗಿ ಕುಣೀತಾರೆ."

"ಅದು ನಾಯಿಗೂ ಗೊತ್ತು. ಮುಂದೆ?"

ಕಾಟಾಚಾರಕ್ಕೆ ಕೆಲಸ ಮಾಡುವುದು ಮೇಸ್ತ್ರಿಗೆ ಬರುತ್ತಿರಲಿಲ್ಲ. ಒಪ್ಪಿಕೊಂಡ ಸೋಫಾ ಶತ್ರುವಿನದಾದರೂ ಸ್ಪ್ರಿಂಗು ಸರಿಯಾಗಿ ಕೂರಬೇಕು. ಹೊಗಳಬೇಕೆಂದರೆ ಹೊಗಳುವಂಥದ್ದನ್ನೇ ಹುಡುಕಬೇಕು. ಅವನು ದನಿ ತಗ್ಗಿಸಿ ಶುರುಮಾಡಿದ.

"ಅವರ ಸಿನಿಮಾದಲ್ಲಿ ತಂಗಿ ಮದುವೆ ಹಾಡು ಇದೆಯಲ್ಲ. ಮನೆ ತುಂಬಾ ಜನ, ಅಣ್ಣ ಕುಣೀಬೇಕು. ಅವರು ಕುಣೀತಾರೆ, ಬಲಗಾಲು ಎಲ್ಲೆಲ್ಲೋ ಹಾರುತ್ತೆ. ಎಡಗಾಲಿನ ಪಾದ ಮಾತ್ರ ನೆಲ ಬಿಡೋದೇ ಇಲ್ಲ. ಯಾಕೆ? ಹಿಂದಿನ ಸೀನಲ್ಲಿ ಆ ಕಾಲಿನ ಬೂಟಿನ ಅಡಿ ಕಿತ್ತುಹೋಗಿತ್ತು. ಅದರ ಬಗ್ಗೆ ಯಾರೂ ಮತ್ತೆ ಮಾತಾಡಲ್ಲ, ಕ್ಯಾಮೆರಾನೂ ಹತ್ತಿರ ಹೋಗಿ ತೋರಿಸಲ್ಲ. ಅವರು ಮಾತ್ರ ನೆನಪಿಟ್ಕೊಂಡು ಹಾಡು ಮುಗಿಯೋವರೆಗೂ ಅದನ್ನ ಮರೆಸ್ತಾರೆ, ನಗ್ತಾ ನಗ್ತಾ. ಹರಿದದ್ದನ್ನ ನಾಲ್ಕು ಜನರ ಮುಂದೆ ಮುಚ್ಕೊಂಡು ನಗೋದು ಎಷ್ಟು ಕಷ್ಟ ಅಂತ ಗೊತ್ತಿದ್ದೋರಿಗೆ ಮಾತ್ರ ಹಂಗೆ ಮಾಡಕ್ಕಾಗೋದು." ಅವನು ಭಾವಮೈದುನನ ಕಡೆ ತಿರುಗಿದ. "ಇನ್ನೊಂದು. ರಥದಿಂದ ಹಾರಿ ಓಡಿದನಲ್ಲ ಆ ರಾಜಕುಮಾರ, ಅವನು ಆಮೇಲೆ ದೊಡ್ಡ ಯುದ್ಧದ ಮೊದಲನೇ ದಿನವೇ ಎದುರು ನಿಂತು ಹೋರಾಡಿ ಸತ್ತ. ಓಡಲಿಲ್ಲ. ನಾನು ಇಷ್ಟು ದಿನ ಅರ್ಧ ಕತೆ ಮಾತ್ರ ಹೇಳ್ತಿದ್ದೆ."

ಭಾವಮೈದುನ ಕತ್ತರಿಯನ್ನು ಗೋಡೆಯ ಮೊಳೆಗೆ ನೇತುಹಾಕಿದ. ಬೆನ್ನು ತಿರುಗಿಸಿಕೊಂಡೇ ತೋಳಿನಿಂದ ಮೂಗು ಒರೆಸಿಕೊಂಡ.

"ಮೀಸೆ ಉಳೀತು," ಎಂದು ಅಜ್ಜ ತೀರ್ಪು ಕೊಟ್ಟ. ದನಿಯಲ್ಲಿ ಕೊಂಚ ನಿರಾಸೆಯಿತ್ತು.

ಭಾವಮೈದುನ ಗಕ್ಕನೆ ತಿರುಗಿದ.

"ಭಾವ. ಆ ಬೂಟಿನ ವಿಷಯ ನಂಗೇ ಎರಡನೇ ಸಲ ನೋಡಿದಾಗ ಹೊಳೆದಿದ್ದು. ಒಂದೇ ಸಲಕ್ಕೆ ಯಾರಿಗೂ ಗೊತ್ತಾಗಲ್ಲ. ನೀವು ಯಾವಾಗ ನೋಡಿದ್ರಿ?"

ಮೇಸ್ತ್ರಿ ಮೊಳೆಯ ಡಬ್ಬಿಯ ಕಡೆ ನೋಡಿದ.

"ಎಷ್ಟು ಸಲ ನೋಡಿದ್ರಿ? ಅಯ್ಯೋ ಅಜ್ಜ, ಭಾವ ಕದ್ದು ಹೋಗಿದ್ದಾರೆ ಕಣ್ರಿ! ಇದು ಮೀಸೆ ಬೋಳಿಸಿದ್ದಕ್ಕಿಂತ ಹೆಚ್ಚಾಯ್ತು!" ಅಜ್ಜ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕ. ಭಾವಮೈದುನ ಬಿಡಲಿಲ್ಲ. "ಒಬ್ಬರೇ ಸಿನಿಮಾಕ್ಕೆ ಹೋಗೋ ಜೀವ ಅಲ್ಲ ನಿಮ್ದು. ಹೇಳಿ ಭಾವ, ಯಾರ ಜೊತೆ ಹೋಗಿದ್ರಿ? ಯಾರು ಕರ್ಕೊಂಡು ಹೋದ್ರು?"

ಮೇಸ್ತ್ರಿ ಡಬ್ಬಿಗೆ ಕೈ ಹಾಕಿ, ಸಿಕ್ಕಷ್ಟು ಮೊಳೆಗಳನ್ನು ಬಾಯಿಗೆ ತುಂಬಿಕೊಂಡ. ಸುತ್ತಿಗೆ ಎತ್ತಿಕೊಂಡು, ಮಾತಾಡಿಸಬೇಡಿ ಎಂಬಂತೆ ತುಟಿಯತ್ತ ಬೆರಳು ತೋರಿಸಿದ.

ಅದೇ ಹೊತ್ತಿಗೆ ಮೂಲೆಯಲ್ಲಿ ಹೊಲಿಗೆ ಯಂತ್ರ ಭರ್ರೋ ಎಂದು ಓಡತೊಡಗಿತು. ಭಾವಮೈದುನ ಅತ್ತ ತಿರುಗಿದ. ಅಕ್ಕ ತಲೆ ತಗ್ಗಿಸಿಕೊಂಡು ಭಾರೀ ಗಮನ ಕೊಟ್ಟು ಹೊಲಿಯುತ್ತಿದ್ದಳು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.