ಸಾವಾಂಗನ ಮಗ ಹೊನೆಯೊ

ನಿರ್ಜನವಾದ ಕಾಡಿಗೂ ತನ್ನ ಪರಿಚಯ ಹೇಳಿಕೊಳ್ಳದೆ ಹೊನೆಯೊ ಕಾಲಿಡುವವನಲ್ಲ. ಬೆನ್ನಿಗೆ ಮಳೆಗೆ ಹೊದೆಯುವ ಮುಂಡಿಗೆಯೋಲೆಯ ಗೊರಬೆ, ಸೊಂಟಕ್ಕೆ ಮಚ್ಚು; ಮಂಜು ಮುಸುಕಿದ ಕಣಿವೆಯ ಬಾಯಲ್ಲಿ ಬರಿಗಾಲಲ್ಲಿ ನಿಂತು, "ನಾನು ಹೊನೆಯೊ, ಸಾವಾಂಗನ ಮಗ, ಬರ್ತಾ ಇದ್ದೀನಿ!" ಎಂದು ಕೂಗುತ್ತಾನೆ. ಅವನು ನನ್ನ ತಂಗಿಯನ್ನು ಮದುವೆಯಾದ ದಿನದಿಂದಲೂ ಈ ಕೂಗಿಗೆ ನಾನು ನಗುತ್ತಲೇ ಬಂದಿದ್ದೆ.

ಎರಡನೇ ಮಹಾಯುದ್ಧದಲ್ಲಿ ನಮ್ಮ ಫಿನಿಸ್ಟೆರ್ ಬೆಟ್ಟಗಳಲ್ಲಿ ವಿಮಾನದೊಡನೆ ಕಣ್ಮರೆಯಾದ ಕೀತ್ ಎಂಬ ತರುಣನ ಅಸ್ಥಿ ಹುಡುಕಲು ಆಸ್ಟ್ರೇಲಿಯಾದವರು ಬಂದಾಗ, ದಾರಿ ತೋರಿಸಲು ನಾವಿಬ್ಬರೂ ಹೊರಟೆವು. ಹೊಳೆಗುಂಟ ಅಲೆದಲೆದು ಸೋತ ಅವರು, ನಾಳೆಯೊಂದು ದಿನ ನೋಡಿ ಹೊರಡುತ್ತೇವೆ, ಮತ್ತೆ ಬರುವುದಿಲ್ಲ ಎಂದುಬಿಟ್ಟರು. ಕೀತನ ತಂಗಿ, ಹಣ್ಣು ಹಣ್ಣು ಮುದುಕಿ, ಅಲ್ಲಿ ಅವರ ಊರಲ್ಲಿ ಕಾಯುತ್ತಿದ್ದಳು. ಗೆಣಸು ಸುಡುತ್ತಿದ್ದ ಹೊನೆಯೊ ತಟ್ಟನೆ ಕೇಳಿದ:

"ಭಾವ, ಬಾಲುಸ್ ಗುಡ್ಡದಲ್ಲಿ ಯಾವತ್ತಾದ್ರೂ ಪಾರಿವಾಳ ಹೊಡೆದಿದ್ದೀಯಾ?"

"ಒಂದು ಪುಕ್ಕಾನೂ ಸಿಕ್ಕಿಲ್ಲ, ಬಿಡು."

ಪೇಟೆಮಾತಿನಲ್ಲಿ ಬಾಲುಸ್ ಎಂದರೆ ಪಾರಿವಾಳ, ವಿಮಾನವೂ ಅದೇ. ‘ಅಲ್ಲಿ ಬಾಲುಸ್ ಕೂತಿದೆ’ ಎಂದು ನಮ್ಮೂರ ಅಜ್ಜಿ ಹೇಳುತ್ತಿದ್ದ ಮಾತು ಕೇಳಿ ಬಿಲ್ಲು ಹಿಡಿದು ಹೋಗಿ ಬರಿಗೈಯಲ್ಲಿ ಬಂದವರು ನಾವೆಲ್ಲ.

"ಪಾರಿವಾಳಕ್ಕೆ ನಮ್ಮ ಮಾತಲ್ಲೇ ಹೆಸರಿದೆಯಲ್ಲೋ! ಅಜ್ಜಿ ಯಾಕೆ ಪೇಟೆಮಾತು ಎರವಲು ತಂದಳು?" ಎಂದ ಹೊನೆಯೊ.

ಮರುದಿನ ಆ ಗುಡ್ಡದ ಪಾಚಿಯಡಿ ರೆಕ್ಕೆಯ ತುಂಡು ಸಿಕ್ಕಿತು, ಅದರ ಕೆಳಗೆ ಎಲುಬು. ತಂಡದ ಯಜಮಾನ ಕೈಯಿಕ್ಕುವಷ್ಟರಲ್ಲಿ ಹೊನೆಯೊ ತಡೆದ. ತಾನು ಕೂಗಿ, ಆಮೇಲೆ ಒಬ್ಬೊಬ್ಬರಿಂದಲೂ ಅವರವರ ಅಪ್ಪನ ಹೆಸರು ಹೇಳಿಸಿದ. ನಂತರವೇ ಮುಟ್ಟಲು ಬಿಟ್ಟ.

ಎಲುಬು ತುಂಬಿದ ಪೆಟ್ಟಿಗೆಯನ್ನು ಹೊನೆಯೊ ಹೆಣೆದ ಜೋಳಿಗೆಯೊಂದರಲ್ಲಿಟ್ಟು, ನಮ್ಮ ಹೆಂಗಸರು ಕೂಸು ಹೊರುವಂತೆ ಪಟ್ಟಿಯನ್ನು ಹಣೆಗೆ ಸಿಕ್ಕಿಸಿಕೊಂಡು, "ಇಲ್ಲಿ ಜಾರುತ್ತೆ, ಹುಷಾರು ಮಗಾ" ಎನ್ನುತ್ತ ಇಳಿದ.

"ಅವನು ಬಿದ್ದಾಗ ಜೋಳಿಗೇಲಿದ್ದ ಕೂಸು ನೀನು. ಮಗಾ ಅಂತೀಯಲ್ಲೋ!" ಎಂದು ಕೆಣಕಿದೆ.

"ಅವನ ವಯಸ್ಸು ಅಲ್ಲೇ ನಿಂತಿತ್ತು, ಭಾವ. ನನ್ನದು ನಡೀತಾ ಬಂತು."

ಅದೇ ಯುದ್ಧಕ್ಕೆ ಹೊರೆಯಾಳಾಗಿ ಹೋದ ಸಾವಾಂಗ್ ಹಿಂದಿರುಗಲಿಲ್ಲ. ಅವನನ್ನು ಹುಡುಕಲು ಯಾವ ದೇಶದವರೂ ಬರಲಿಲ್ಲ. ನನಗೆ ತಡೆಯಲಾಗದೆ ಅದನ್ನೇ ಅಂದೆ. ಹೊನೆಯೊ ಪಟ್ಟಿ ಸರಿಪಡಿಸಿಕೊಂಡ.

"ಮತ್ತೆ ನಾನು ಕೂಗೋದು ಯಾಕೆ ಅಂದ್ಕೊಂಡೆ? ಅಪ್ಪ ಯಾವ ಕಾಡಲ್ಲಿದ್ದಾನೋ. ಮಗ ಬಂದಿದ್ದಾನೆ ಅಂತ ಗೊತ್ತಾಗಲಿ."

ತನ್ನವರು ಸಿಗದ ಸಂಕಟವನ್ನು ಹಗೆಯಾಗಿಸಿಕೊಳ್ಳದೆ, ಪರರ ಮಕ್ಕಳನ್ನು ಮನೆ ಮುಟ್ಟಿಸುವ ಜನ ಎಲ್ಲಿಯೂ ವಿರಳ. ಅಂಥವನಿಗೆ ಭಾವನಾದದ್ದು ನನ್ನ ಹೆಮ್ಮೆ. ಅಂಥವರ ಪಾಲಿಗೆ ಯಾವ ಕಾಡೂ ನಿರ್ಜನವಲ್ಲ. ಈಗ ಕಣಿವೆಯ ಬಾಯಲ್ಲಿ ನಾನೂ ಸಾವಾಂಗನ ಹೆಸರು ಕೂಗುತ್ತೇನೆ.