ಕೈ ತೊಳೆದ ಮೇಲೆ

"ಉಪ್ಪು ಸರಿ ಇದೆಯೋ ಇಲ್ಲವೋ, ಅದನ್ನಾದರೂ ಹೇಳಿ," ಎಂದು ದರ್ಜಿಯಮ್ಮ ಇನ್ನೊಂದು ಸಲ ಕೇಳಿದಳು.

ಹುಡುಗನ ತಂದೆ ತಲೆ ಎತ್ತಲಿಲ್ಲ. ಬಡಗಿ, ಅಗಲವಾದ ಕೈ. ಅಳತೆ ಹಿಡಿದ ಹಾಗೆ ತುತ್ತು ಕಟ್ಟಿ ಬಾಯಿಗಿಟ್ಟು, ತಟ್ಟೆಯನ್ನೇ ನೋಡುತ್ತ ಅಗಿಯುತ್ತಿದ್ದ. ಪಕ್ಕದಲ್ಲಿ ಅವನ ಮಗನೂ ತುಟಿ ಪಿಟಕ್ಕೆನ್ನಲಿಲ್ಲ. ಹೆಣ್ಣು ಕೇಳಲು ಬಂದವರು ಬಾಗಿಲಲ್ಲಿ ಅಷ್ಟು ಚೆನ್ನಾಗಿ ನಕ್ಕಿದ್ದರು, ತಟ್ಟೆ ಇಟ್ಟ ಕೂಡಲೇ ಇದೇನು ಬಂತು? ದರ್ಜಿಯಮ್ಮನ ಕಡೆಯವರಲ್ಲಿ ಊಟವೆಂದರೆ ಗದ್ದಲ. ಮಾತಿಲ್ಲದೆ ಉಣ್ಣುವುದು ಸಾವಿನ ಮನೆಯಲ್ಲಿ, ಇಲ್ಲವೇ ಮುನಿಸಿಕೊಂಡವರ ಮನೆಯಲ್ಲಿ.

ಸೌಟು ಹಿಡಿದುಕೊಂಡೇ ಅಡುಗೆಮನೆಗೆ ಓಡಿದಳು.

"ಮುಗೀತು ಮಗಳೇ. ನಿನ್ನ ಮದುವೆಗೆ ನನ್ನ ಸಾರೇ ಕಲ್ಲು ಹಾಕ್ತು."

ಹೂಜಿಗೆ ನೀರು ತುಂಬುತ್ತಿದ್ದ ಮಗಳು ನಕ್ಕಳು. "ಅಮ್ಮಾ, ಅವರ ಕಡೆ ಊಟಕ್ಕೆ ಕೂತರೆ ಮಾತಾಡಲ್ಲ. ಅನ್ನಕ್ಕೆ ಕೊಡೋ ಮರ್ಯಾದೆ ಅದು. ನಿನ್ನೆ ಬಡಕೊಂಡೆನಲ್ಲ."

"ಕಡಿಮೆ ಮಾತಾಡ್ತಾರೆ ಅಂದ್ಕೊಂಡೆ. ಬಾಯಿಗೆ ಹೊಲಿಗೆ ಹಾಕ್ಕೊಂಡು ಬರ್ತಾರೆ ಅಂತ ಯಾರಿಗೆ ಗೊತ್ತು!"

"ನೀನೂ ಒಂದು ಗಳಿಗೆ ಹಾಕ್ಕೋ. ನನಗೋಸ್ಕರ."

ದರ್ಜಿಯಮ್ಮ ಬಂದು ಕೂತು, ತನ್ನ ತಟ್ಟೆಗೆ ಬಡಿಸಿಕೊಂಡು, ತುಟಿ ಕಚ್ಚಿ ಹಿಡಿದಳು. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಎದುರಿನವರು ಅಗಿಯುವುದು ಕೇಳಿಸಿತು. ಒಬ್ಬಳೇ ಮಗಳು. ಎಂಥವರ ಮನೆಗೆ ಹೋಗುತ್ತಾಳೆಂದು ಕೇಳದೆ ಕಳಿಸುವುದು ಹೇಗೆ? ಕಟ್ಟಿದ ತುತ್ತನ್ನು ತಟ್ಟೆಗೇ ಇಳಿಸಿದಳು.

"ನೋಡಿ," ಎಂದಳು. "ನಿಮ್ಮ ಪದ್ಧತಿ ತಪ್ಪು ಅನ್ನಲ್ಲ. ನನಗೆ ಒಗ್ಗಲ್ಲ, ಅಷ್ಟೆ. ಬಂದವರನ್ನ ಮಾತಾಡಿಸದೆ ಉಣ್ಣಿಸಿದರೆ ನಮ್ಮಲ್ಲಿ ಅವಮಾನ. ನೀವು ಸುಮ್ಮನಿರಿ, ನಾನು ಮಾತಾಡ್ತೀನಿ. ಸಿಟ್ಟು ಬಂದರೆ ಕೈ ಅಡ್ಡ ಹಿಡೀರಿ, ನಿಲ್ಲಿಸ್ತೀನಿ."

ಮಗಳು ಹೂಜಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಬಡಗಿ ಎಡಗೈಯನ್ನು ಎದೆಯ ಮೇಲಿಟ್ಟು ತಲೆಬಾಗಿದ.

ಇನ್ನು ಕೇಳಬೇಕೆ! ಕಟ್ಟೆಯೊಡೆದ ಹಾಗೆ ಮಾತು ಹರಿಯಿತು. ಇವಳು ಬೆಳಿಗ್ಗೆ ಬೇಗ ಏಳುವವಳಲ್ಲ, ಬೈಯುತ್ತೀರಾ? ಕೋಪ ಬಂದರೆ ಬಾಗಿಲು ಬಡಿಯುತ್ತಾಳೆ, ನಿಮ್ಮ ಮನೆಯ ಬಾಗಿಲು ಗಟ್ಟಿ ಇದೆಯೇ? ಹೊಲಿಗೆ ಕೆಲಸ ಬಿಡಿಸುತ್ತೀರಾ? ಹಬ್ಬ ಹುಣ್ಣಿಮೆ ಎನ್ನದೆ ತಾಯಿಮನೆಗೆ ಓಡಿ ಬಂದರೆ ಲೆಕ್ಕ ಕೇಳುತ್ತೀರಾ? ಕಡೆಗೆ ದನಿ ಸಣ್ಣದಾಯಿತು. "ನಿಮ್ಮ ದೇವರು ಬೇರೆ, ನಮ್ಮ ದೇವರು ಬೇರೆ. ಇವಳು ತನ್ನ ಪ್ರಾರ್ಥನೆ ಬಿಡಬೇಕಾ?"

ಬಡಗಿಯ ಕೈ ಅಡ್ಡ ಬರಲಿಲ್ಲ. ತಟ್ಟೆ ಖಾಲಿ ಮಾಡಿ, ಎದ್ದು ಹೋಗಿ ಕೈ ತೊಳೆದ. ಒಂದೊಂದೇ ಬೆರಳು ಒರೆಸಿಕೊಂಡು ಬಂದು ಮತ್ತೆ ಅದೇ ಜಾಗದಲ್ಲಿ ಕೂತ.

"ಉಪ್ಪು ಸರಿಯಾಗಿದೆ," ಎಂದ.

ಹುಡುಗ ತಟ್ಟೆಯ ಮೇಲೆ ಬಗ್ಗಿ, ನಗು ತಡೆಯಲು ಹೋಗಿ ಮೈಯೆಲ್ಲ ಕುಲುಕಿಸಿದ.

"ಬೆಳಿಗ್ಗೆ ಟೀ ಮಾಡೋನು ನಾನು, ಅವಳು ನಿಧಾನಕ್ಕೆ ಏಳಲಿ. ಬಾಗಿಲು ನನ್ನ ಕೈಯಿಂದಲೇ ಆಗಿದ್ದು, ಎಷ್ಟು ಬೇಕಾದರೂ ಬಡೀಲಿ. ಪ್ರಾರ್ಥನೆ ಅವಳದ್ದು, ಬಿಡು ಅನ್ನೋಕೆ ನಾನ್ಯಾರು? ಗೋಡೆಗೊಂದು ಗೂಡು ಮಾಡಿಕೊಡ್ತೀನಿ. ನಾನು ಅಲ್ಲಿ ಕೈಮುಗಿಯಲ್ಲ, ಈಗಲೇ ಹೇಳಿಬಿಟ್ಟೆ."

"ಮುಗೀಬೇಡಿ. ಬಲವಂತದ್ದು ಯಾವ ದೇವರಿಗೆ ಬೇಕು?" ದರ್ಜಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆದರೆ ಊಟದ ವಿಷಯದಲ್ಲಿ ನಾನು ಸೋಲಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆಯೇ ಇದೆ."

"ಗಾದೆ ಪೂರ್ತಿ ಹೇಳಿ ಬೀಗಿತಿ. ಅದಕ್ಕೂ ಮುಂಚೆ ಊಟ ಬಲ್ಲವನಿಗೆ ರೋಗವಿಲ್ಲ ಅಂತಿದೆ. ಊಟ ಮೊದಲು, ಮಾತು ಆಮೇಲೆ. ನಾನೂ ಸೋಲಲ್ಲ."

ಬೀಗಿತಿ ಎಂದದ್ದೇ ತಡ, ಮಗಳ ಕೈಯ ಹೂಜಿ ತುಳುಕಿತು. ಮಾತಾಡುವ ಆತುರಕ್ಕೆ ಹುಡುಗ ಅರ್ಧ ಊಟದಲ್ಲೇ ಕೈ ತೊಳೆಯಲು ಓಡಿದ.

ಬಡಗಿ ಹೊಲಿಗೆಯ ಮಾತಿಗೆ ಬಂದ, ಆಮೇಲೆ ತಾಯಿಮನೆಯ ಮಾತಿಗೆ. ಒಂದನ್ನೂ ಮರೆತಿರಲಿಲ್ಲ. ದರ್ಜಿಯಮ್ಮ ತಣ್ಣಗಾದ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಒಣಗಿದ ಅನ್ನಕ್ಕೆ ಸಾರು ಸುರಿದುಕೊಂಡಳು. ಅವನು ಹೇಳುತ್ತಲೇ ಇದ್ದ, ಅವಳು ಸದ್ದಿಲ್ಲದೆ ಉಣ್ಣುತ್ತಿದ್ದಳು.